ಸ್ಕ್ರೀನ್ ಖಾಲಿ, ಕಡಲು ಖಾಲಿಯಲ್ಲ: ಬೋಟಿನೊಳಗಿನ ಒಂದು ಕೇಬಲ್ ಕತೆ

(ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಇವತ್ತು ನಿಮ್ಮನ್ನು ಮಲ್ಪೆಗೆ ಕರ್ಕೊಂಡು ಹೋಗ್ತೇನೆ. ಬೀಚಿಗಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೂ ಅಲ್ಲ. ಬಂದರಿನಲ್ಲಿ ಕಟ್ಟಿಹಾಕಿರೋ ಒಂದು ಟ್ರಾಲ್ ಬೋಟಿನ ಕ್ಯಾಬಿನ್ನಿಗೆ. ಅಲ್ಲಿ ಸ್ಟೀರಿಂಗ್ ಚಕ್ರದ ಹಿಂದೆ, ಪ್ಲೈವುಡ್ ಹಲಗೆ ತೆಗೆದರೆ ಕಾಣೋ ಒಂದು ಕೇಬಲ್ಲಿನ ಕತೆ ಹೇಳೋದಿದೆ.

ಕೇಬಲ್ ಬಗ್ಗೆ ಎಂತ ಮಾರಾಯ ಕೇಳೋದು ಅಂತ ಅನ್ನಿಸಬಹುದು. ಮೊದಲು ಒಂದು ರಾತ್ರಿಯ ಕತೆ ಕೇಳಿ.

ನನ್ನ ಮಾವ, ಅಂದ್ರೆ ಅಮ್ಮನ ಅಣ್ಣ, ಬೋಟಿನ ತಾಂಡೇಲ. ಆಳಸಮುದ್ರಕ್ಕೆ ಹೋದರೆ ಹತ್ತು ದಿನ ದಡ ಕಾಣುವವರಲ್ಲ. ಅವರ ಕ್ಯಾಬಿನ್ನಿನಲ್ಲಿ ಒಂದು ಚಾರ್ಟ್ ಪ್ಲಾಟರ್ ಉಂಟು. ನಿಮ್ಮ ಫೋನಿನ ಮ್ಯಾಪ್ ಇದೆಯಲ್ಲ, ಹಾಗೆಯೇ, ಆದರೆ ರಸ್ತೆಯ ಬದಲು ಕಡಲು. ಸುತ್ತಮುತ್ತಲಿನ ಹಡಗುಗಳು ಅದರಲ್ಲಿ ಸಣ್ಣ ತ್ರಿಕೋನಗಳಾಗಿ ಕಾಣ್ತವೆ. ಅದು ಎಐಎಸ್ ಅನ್ನೋ ಉಪಕರಣದ ಕೆಲಸ. ಪ್ರತಿ ದೊಡ್ಡ ಹಡಗೂ ತನ್ನ ಹೆಸರು, ಜಾಗ, ವೇಗ, ದಿಕ್ಕನ್ನು ರೇಡಿಯೊ ಮೂಲಕ ಕೂಗಿ ಹೇಳ್ತಾ ಇರ್ತದೆ. ಬೋಟಿನ ಎಐಎಸ್ ಅದನ್ನು ಕೇಳಿಸಿಕೊಂಡು ಪ್ಲಾಟರಿಗೆ ಕೊಡ್ತದೆ.

ಕಳೆದ ಸೀಸನ್ನಿನ ಜನವರಿಯ ಒಂದು ರಾತ್ರಿ. ಬಲೆ ಎಳೆದು ಮುಗಿಸಿ ಹುಡುಗರು ಮಲಗಿದ್ದಾರೆ. ಮಾವ ಸ್ಕ್ರೀನ್ ನೋಡ್ತಾರೆ: ಒಂದು ತ್ರಿಕೋನವೂ ಇಲ್ಲ. ಕಡಲು ಖಾಲಿ ಅಂತ ನಿಶ್ಚಿಂತೆಯಿಂದ ಫ್ಲಾಸ್ಕಿನಿಂದ ಚಾ ಬಗ್ಗಿಸಿಕೊಳ್ತಾರೆ. ಅಷ್ಟರಲ್ಲಿ ಹೊರಗಿದ್ದ ಹುಡುಗ ಬೊಬ್ಬೆ ಹಾಕ್ತಾನೆ. ಎದುರಿಗೆ ಒಂದು ಸರಕು ಹಡಗು. ಮಾವ ಚಕ್ರ ತಿರುಗಿಸಿದರು. ಹಡಗು ಪಕ್ಕದಲ್ಲಿ ದಾಟಿ ಹೋಯಿತು. ಎಷ್ಟು ಹತ್ತಿರ ಅಂತ ಕೇಳಿದರೆ ಮಾವ ಅಳತೆ ಹೇಳಲಿಲ್ಲ. "ಅದರ ಇಂಜಿನ್ನಿನ ಶಬ್ದ ಕಿವಿಯಲ್ಲಲ್ಲ, ಎದೆಯಲ್ಲಿ ಕೇಳಿತು" ಅಂದರು, ಅಷ್ಟೇ.

ಎಐಎಸ್ ಸರಿಯಿತ್ತು. ಪ್ಲಾಟರ್ ಸರಿಯಿತ್ತು. ಕೈಕೊಟ್ಟದ್ದು ಇವೆರಡರ ನಡುವಿನ ಕೇಬಲ್ ಜಾಲ. ಮೂಲೆಯಲ್ಲಿ ಸಣ್ಣಕ್ಷರದ ಎಚ್ಚರಿಕೆ ಬಂದಿತ್ತೋ ಏನೋ. ದಿನಕ್ಕೆ ಹತ್ತು ಸಲ ಬೀಪ್ ಅನ್ನೋ ಯಂತ್ರದ ಹನ್ನೊಂದನೇ ಬೀಪನ್ನು ಯಾರು ಕೇಳ್ತಾರೆ ಹೇಳಿ?

ಇದೇ ಇವತ್ತಿನ ವಿಷಯ. ಫೋನಿನಲ್ಲಿ ನೆಟ್ ಹೋದರೆ ವಿಡಿಯೊ ಸುತ್ತು ಹಾಕ್ತದೆ, ನಮಗೆ ಗೊತ್ತಾಗ್ತದೆ. ಆದರೆ ಬೋಟಿನಲ್ಲಿ ಮಾಹಿತಿ ಬರದೇ ಇರೋದೂ, ಹತ್ತಿರದಲ್ಲಿ ಯಾರೂ ಇಲ್ಲದೇ ಇರೋದೂ ಸ್ಕ್ರೀನಿನಲ್ಲಿ ಒಂದೇ ಥರ ಕಾಣಬಹುದು.

ಒಬ್ಬ ಹೇಳೋದು, ಉಳಿದವರು ಕೇಳೋದು

ಬೋಟಿನ ಉಪಕರಣಗಳು ಪರಸ್ಪರ ಮಾತಾಡೋದು ಹೇಗೆ? ಅಮೆರಿಕದಲ್ಲಿ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ ಅಂತ ಒಂದು ಸಂಘ ಉಂಟು, 1957ರಲ್ಲಿ ಶುರುವಾದದ್ದು. ಚಿಕ್ಕದಾಗಿ ಎನ್‌ಎಂಇಎ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಭಾಷೆ ಆಡಲಿ ಅಂತ ಇವರು 1983ರಲ್ಲಿ ಒಂದು ನಿಯಮ ಮಾಡಿದರು. ಅದರ ಹೆಸರು ಎನ್‌ಎಂಇಎ 0183. ನಮ್ಮ ಕರಾವಳಿಯ ಎಷ್ಟೋ ಬೋಟುಗಳಲ್ಲಿ ಇವತ್ತಿಗೂ ಓಡೋದು ಅದೇ.

ಅದರ ಸ್ವಭಾವ ಸರಳ. ಒಬ್ಬ ಹೇಳ್ತಾನೆ, ಉಳಿದವರು ಕೇಳ್ತಾರೆ. ಜಿಪಿಎಸ್ ಹೇಳ್ತದೆ, ಪ್ಲಾಟರ್ ಕೇಳ್ತದೆ. ಪ್ಲಾಟರ್ ತಿರುಗಿ ಏನಾದ್ರೂ ಹೇಳಬೇಕಾದರೆ ಅದಕ್ಕೆ ಬೇರೆಯೇ ಜೋಡಿ ವೈರ್. ವೇಗ ಸೆಕೆಂಡಿಗೆ 4,800 ಬಿಟ್. ಎಐಎಸ್ ಬಂದ ಮೇಲೆ ಅದಕ್ಕೆ ಅಂತ 38,400. ಎರಡು ಯಂತ್ರ ಇದ್ದರೆ ತೊಂದರೆ ಇಲ್ಲ. ಐದು ಯಂತ್ರ ಆದರೆ? ಹಲಗೆ ತೆಗೆದರೆ ಒಳಗೆ ಶ್ಯಾವಿಗೆ. ಯಾವ ವೈರ್ ಎಲ್ಲಿಂದ ಎಲ್ಲಿಗೆ ಅಂತ ಫಿಟ್ ಮಾಡಿದವನಿಗೂ ಮುಂದಿನ ವರ್ಷ ನೆನಪಿರೋದಿಲ್ಲ.

ಅದಕ್ಕೇ ಮುಂದಿನ ನಿಯಮ ಬಂತು: ಎನ್‌ಎಂಇಎ 2000. ಇದರ ಬುನಾದಿ ಕಡಲಿನದ್ದಲ್ಲ, ರಸ್ತೆಯದ್ದು. ಬಾಷ್ ಕಂಪನಿ ಕಾರುಗಳಿಗೆ ಅಂತ ಕ್ಯಾನ್ ಬಸ್ ಅನ್ನೋ ವ್ಯವಸ್ಥೆ ಮಾಡಿ 1986ರಲ್ಲಿ ಜಗತ್ತಿಗೆ ತೋರಿಸಿತ್ತು. ನಿಮ್ಮ ಮನೆ ಕಾರಿನ ಇಂಜಿನ್, ಬ್ರೇಕ್, ಮೀಟರ್ ಬೋರ್ಡು ಮಾತಾಡಿಕೊಳ್ಳೋದು ಅದರಲ್ಲೇ. ಅದನ್ನೇ ಬೋಟಿಗೆ ಹೊಂದಿಸಿದರು. ವೇಗ ಸೆಕೆಂಡಿಗೆ 2,50,000 ಬಿಟ್, ಅಂದ್ರೆ 4,800ರ ಐವತ್ತು ಪಟ್ಟಿಗಿಂತ ಹೆಚ್ಚು.

ಮಾವನ ಬೋಟಿನಲ್ಲಿರೋದು ಈ ಎರಡನೆಯದು.

ಒಂದು ಹೆದ್ದಾರಿ, ಹಲವು ಒಳದಾರಿ

ಇದರ ನಕ್ಷೆ ಮನಸ್ಸಲ್ಲಿ ಬರಬೇಕಾದರೆ ನಮ್ಮ ರಾಷ್ಟ್ರೀಯ ಹೆದ್ದಾರಿ 66 ನೆನಪಿಸಿಕೊಳ್ಳಿ. ಕಡಲಿಗೆ ಸಮಾನಾಂತರವಾಗಿ ಉದ್ದಕ್ಕೆ ಒಂದೇ ದಾರಿ. ಅಲ್ಲಲ್ಲಿ ಒಂದೊಂದು ಊರಿಗೆ ಸಣ್ಣ ಒಳದಾರಿ. ಈ ಜಾಲವೂ ಹಾಗೆಯೇ. ಬೋಟಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಮುಖ್ಯ ಕೇಬಲ್. ಅದಕ್ಕೆ ಬ್ಯಾಕ್‌ಬೋನ್ ಅಂತಾರೆ, ಬೆನ್ನೆಲುಬು. ಅದರಲ್ಲಿ ಇಂಗ್ಲಿಷ್ ಟಿ ಅಕ್ಷರದ ಆಕಾರದ ಕನೆಕ್ಟರುಗಳು. ಪ್ರತಿ ಟಿ ಕನೆಕ್ಟರಿನಿಂದ ಒಂದು ಉಪಕರಣಕ್ಕೆ ಸಣ್ಣ ಕೇಬಲ್, ಅದು ಡ್ರಾಪ್ ಕೇಬಲ್.

ಅಳತೆಗೆ ನಿಯಮ ಉಂಟು. ಒಂದು ಡ್ರಾಪ್ 6 ಮೀಟರ್ ಮೀರಬಾರದು. ಎಲ್ಲಾ ಡ್ರಾಪ್ ಕೂಡಿಸಿದರೆ 78 ಮೀಟರ್ ಮೀರಬಾರದು. ಸಾಮಾನ್ಯವಾಗಿ ಬಳಸೋ ತೆಳು ಕೇಬಲ್ಲಿನಲ್ಲಿ ಬೆನ್ನೆಲುಬು 100 ಮೀಟರ್ ತನಕ ಹೋಗಬಹುದು. ಒಂದು ಜಾಲಕ್ಕೆ ಹೆಚ್ಚೆಂದರೆ 50 ಉಪಕರಣ. ನಮ್ಮ ಬೋಟುಗಳಿಗೆ ಇದು ಬೇಕಾದಷ್ಟಾಯ್ತು.

ಮನೆಯ ವೈಫೈ ರೂಟರ್ ನೋಡಿ ಬೆಳೆದ ನಮ್ಮಂಥವರು ಎಡವೋದು ಇಲ್ಲೇ. ನಡುವೆ ಒಂದು ಪೆಟ್ಟಿಗೆ, ಅದರಿಂದ ನಾಲ್ಕು ದಿಕ್ಕಿಗೆ ವೈರ್ ಅಂತ ನಮ್ಮ ತಲೆಯಲ್ಲಿ ಕೂತಿರ್ತದೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಎರಡು ತುದಿ ಜೋಡಿಸಿ ಉಂಗುರವನ್ನೂ ಮಾಡುವಂತಿಲ್ಲ. ದಾರಿ ಒಂದೇ, ತುದಿ ಎರಡು.

ಕೇಬಲ್ಲಿನ ಒಳಗೆ ಐದು ವೈರ್. ಕೆಂಪು ಮತ್ತು ಕಪ್ಪು ಕರೆಂಟಿಗೆ. ಬಿಳಿ ಮತ್ತು ನೀಲಿ ಮಾತಿಗೆ. ಐದನೆಯದು ಹೊರಗಿನ ಗದ್ದಲ ತಡೆಯೋ ಶೀಲ್ಡಿನ ಬೋಳು ವೈರ್. ಬಿಳಿ, ನೀಲಿ ಒಂದಕ್ಕೊಂದು ಹೆಣೆದುಕೊಂಡಿರ್ತವೆ. ಯಂತ್ರ ನೋಡೋದು ಅವೆರಡರ ನಡುವಿನ ವ್ಯತ್ಯಾಸವನ್ನು. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಮಾತು ಬಂದಾಗ ಬಿಳಿ 3.5ಕ್ಕೆ ಏರ್ತದೆ, ನೀಲಿ 1.5ಕ್ಕೆ ಇಳಿಯುತ್ತದೆ. ಆಲ್ಟರ್ನೇಟರ್, ವಯರ್‌ಲೆಸ್, ಪಂಪ್ ಏನೇ ಗದ್ದಲ ಮಾಡಿದರೂ ಅದು ಎರಡೂ ವೈರಿನ ಮೇಲೆ ಹೆಚ್ಚುಕಮ್ಮಿ ಸಮವಾಗಿ ಬೀಳ್ತದೆ. ಇಬ್ಬರನ್ನೂ ಒಂದೇ ಅಲೆ ಎತ್ತಿದರೆ ಇಬ್ಬರ ನಡುವಿನ ಎತ್ತರದ ವ್ಯತ್ಯಾಸ ಬದಲಾಗ್ತದಾ? ಇಲ್ಲ. ಅದೇ ಉಪಾಯ.

ಇನ್ನು ಎಲ್ಲರೂ ಒಂದೇ ದಾರಿಯಲ್ಲಿ ಮಾತಾಡಿದರೆ ಜಗಳ ಆಗೋದಿಲ್ವಾ? ಪ್ರತಿ ಸಂದೇಶದ ತಲೆಯ ಮೇಲೆ ಒಂದು ಸಂಖ್ಯೆ ಇರ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಸಣ್ಣ ಸಂಖ್ಯೆಯದ್ದು ಮುಂದುವರಿಯುತ್ತದೆ, ದೊಡ್ಡದು ತಾನಾಗಿ ಸುಮ್ಮನಾಗಿ ಆಮೇಲೆ ಪುನಃ ಪ್ರಯತ್ನ ಮಾಡ್ತದೆ. ಗೆದ್ದವನ ಮಾತಿಗೆ ಒಂದಿಷ್ಟೂ ಧಕ್ಕೆ ಬರೋದಿಲ್ಲ. ಆದರೆ ಈ ಮರ್ಯಾದೆ ನಡೀಬೇಕಾದರೆ ಒಬ್ಬ ಆಡಿದ ಪ್ರತಿ ಬಿಟ್ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಬೇಕು. ಒಂದು ಬಿಟ್ಟಿಗೆ ಸಿಗೋ ಸಮಯ ಸೆಕೆಂಡಿನ ಹತ್ತು ಲಕ್ಷದ ನಾಲ್ಕನೇ ಭಾಗಗಳಷ್ಟು, ಅಂದ್ರೆ 4 ಮೈಕ್ರೊಸೆಕೆಂಡ್. ಅದರೊಳಗೆ ಪ್ರತಿಧ್ವನಿ ಎದ್ದರೆ ಎಲ್ಲಾ ಕಲಸುಮೇಲೋಗರ.

ಈ ಪ್ರತಿಧ್ವನಿ ಅನ್ನೋ ಪದ ನೆನಪಿಟ್ಕೊಳ್ಳಿ. ಕತೆ ಇರೋದು ಅಲ್ಲೇ.

ನಾನು ಕಿತ್ತ ಮುಚ್ಚಳ

ಆ ರಾತ್ರಿಯ ನಂತರ ಬೋಟ್ ಬಂದರಿಗೆ ಬಂತು. ಮಾವ ಬೋಟುಗಳ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋ ಒಬ್ಬರನ್ನು ಕರೆಸಿದರು. ನಾನು ಅವರನ್ನು ಅಣ್ಣ ಅಂತಲೇ ಕರೆಯೋದು. ಆ ಶನಿವಾರ ನಾನೂ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಬೋಟಿನಲ್ಲಿದ್ದೆ.

ಅಣ್ಣ ಯಾವ ಸ್ಕ್ರೀನನ್ನೂ ಮುಟ್ಟಲಿಲ್ಲ. ಮೊದಲು ಜಾಲದ ಕರೆಂಟ್ ಪೂರ್ತಿ ಆಫ್ ಮಾಡಿದರು. ಒಂದು ಟಿ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಬಿಳಿ ಮತ್ತು ನೀಲಿ ವೈರಿನ ಎರಡು ಪಿನ್ನಿಗೆ ಹಿಡಿದರು. ಐದು ಪಿನ್ನಿನಲ್ಲಿ 4 ಮತ್ತು 5ನೆಯದು.

"ಎಷ್ಟು ಬರಬೇಕು ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ.

"60. ಈಗ ನೋಡು, 120 ತೋರಿಸ್ತಾ ಉಂಟು. ಒಂದು ತುದಿಯಲ್ಲಿ ಟರ್ಮಿನೇಟರ್ ಇಲ್ಲ."

ಹಲಗೆ ತೆಗೆದು ತುದಿ ಹುಡುಕಿದರು. ಕೊನೆಯ ಟಿ ಕನೆಕ್ಟರಿನ ತುದಿಗೆ ಒಂದು ಉದ್ದ ಕೇಬಲ್ ಸಿಕ್ಕಿಸಿತ್ತು. ಅದು ಹೊರಗೆ ವಿಂಚಿನ ಹತ್ತಿರ ಇಟ್ಟ ಸಣ್ಣ ಡಿಸ್‌ಪ್ಲೇಗೆ ಹೋಗ್ತಿತ್ತು. ಆಳ ಮತ್ತು ವೇಗ ಹೊರಗೇ ಕಾಣಲಿ ಅಂತ ಹಾಕಿದ್ದು.

"ಈ ಡಿಸ್‌ಪ್ಲೇ ಫಿಟ್ ಮಾಡಿದ ಮಹಾನುಭಾವ ಯಾರು?" ಅಂತ ಅಣ್ಣ ಕೇಳಿದರು.

ಮಾವ ಮಾತಾಡಲಿಲ್ಲ. ಬಾಗಿಲ ಹೊರಗೆ ನೋಡಿದರು.

ಅದು ನಾನು. ದೀಪಾವಳಿ ರಜೆಗೆ ಊರಿಗೆ ಬಂದಾಗ ಮಾವನಿಗೆ ಅಂತ ನಾನೇ ತಂದು ಫಿಟ್ ಮಾಡಿದ್ದೆ. ಇಂಜಿನಿಯರಿಂಗ್ ಓದಿದವನಲ್ವಾ? ಖಾಲಿ ಟಿ ಕನೆಕ್ಟರ್ ಇರಲಿಲ್ಲ. ಕೊನೆಯದರ ತುದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಮುಚ್ಚಳ ಇತ್ತು. ಧೂಳು ಹೋಗದ ಹಾಗೆ ಹಾಕಿದ್ದು ಅಂದುಕೊಂಡು ತಿರುಗಿಸಿ ತೆಗೆದೆ, ಕೇಬಲ್ ಸಿಕ್ಕಿಸಿದೆ. ಡಿಸ್‌ಪ್ಲೇ ತಕ್ಷಣ ಹೊತ್ತಿಕೊಂಡಿತು. ಮಾವ ಬೆನ್ನು ತಟ್ಟಿದರು. ಆ ಮುಚ್ಚಳವೇ ಟರ್ಮಿನೇಟರ್.

ಮರಳು ಮತ್ತು ಕಲ್ಲಿನ ಗೋಡೆ

ಟರ್ಮಿನೇಟರ್ ಏನು ಮಾಡ್ತದೆ? ನಾನು ಕೇಳಿದ್ದಕ್ಕೆ ಅಣ್ಣ ಕಿಟಕಿಯಿಂದ ಹೊರಗೆ ಕೈ ತೋರಿಸಿದರು. ಬಂದರಿನ ಬಾಯಿಯಲ್ಲಿ ಕಲ್ಲಿನ ತಡೆಗೋಡೆ ಉಂಟು. ಅಲೆ ಅದಕ್ಕೆ ಬಡಿದರೆ ತಿರುಗಿ ಬರ್ತದೆ, ಬರೋ ಇನ್ನೊಂದು ಅಲೆಗೆ ಡಿಕ್ಕಿ ಹೊಡೆದು ನೀರೆಲ್ಲ ಅಲ್ಲೋಲಕಲ್ಲೋಲ. ಅದೇ ಅಲೆ ಬೀಚಿನ ಮರಳಿಗೆ ಹೋದರೆ? ಮೆಲ್ಲ ಹತ್ತಿ, ಇಂಗಿ, ಸುಮ್ಮನಾಗ್ತದೆ.

ವೈರಿನಲ್ಲಿ ಓಡೋ ಸಂಕೇತವೂ ಅಲೆಯೇ. ತುದಿ ಬರೀ ತುದಿಯಾಗಿದ್ದರೆ ಅದಕ್ಕೆ ಬಡಿದು ಹಿಂದೆ ಬರ್ತದೆ. ತುದಿಯಲ್ಲಿ ಬಿಳಿ ಮತ್ತು ನೀಲಿಯ ನಡುವೆ 120 ಓಮ್‌ನ ಒಂದು ರೆಸಿಸ್ಟರ್ ಇಟ್ಟರೆ ಅದು ಮರಳಿನ ಹಾಗೆ ಅಲೆಯನ್ನು ನುಂಗಿಕೊಳ್ತದೆ. ಟರ್ಮಿನೇಟರ್ ಅಂದ್ರೆ ಅಷ್ಟೇ. ಎರಡು ತುದಿಗೆ ಎರಡು. ಒಂದು ಕಮ್ಮಿಯೂ ಅಲ್ಲ, ಒಂದು ಜಾಸ್ತಿಯೂ ಅಲ್ಲ.

ಪಿಯುಸಿಯ ಭೌತಶಾಸ್ತ್ರ ನೆನಪಿದ್ದರೆ ಲೆಕ್ಕ ನೀವೇ ಮಾಡಬಹುದು. 120 ಓಮ್‌ನ ಎರಡು ರೆಸಿಸ್ಟರ್ ಸಮಾಂತರದಲ್ಲಿದ್ದರೆ 60. ಮೀಟರಿನಲ್ಲಿ ಸುಮಾರು 60 ಬಂದರೆ ಸರಿ. 120 ಬಂದರೆ ಒಂದು ಇಲ್ಲ, ಅಥವಾ ನಡುವೆ ಎಲ್ಲೋ ಬೆನ್ನೆಲುಬೇ ತುಂಡಾಗಿದೆ. 40 ಬಂದರೆ ಯಾರೋ ಮೂರನೆಯದ್ದು ಹಾಕಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಎಲ್ಲೋ ಒಂದಕ್ಕೊಂದು ತಾಗಿದೆ. ನೆನಪಿರಲಿ, ಕರೆಂಟ್ ಆಫ್ ಮಾಡಿಯೇ ಅಳೀಬೇಕು.

"ಹಾಗಾದರೆ ದೀಪಾವಳಿಯಿಂದ ಜನವರಿ ತನಕ ಸರಿಯಾಗಿಯೇ ಓಡಿತ್ತಲ್ಲ?" ಅಂತ ಕೇಳಿದೆ. ತಪ್ಪು ನನ್ನದಲ್ಲ ಅಂತ ಹೇಳಲಿ ಅನ್ನೋ ಸಣ್ಣ ಆಸೆ.

"ಅದೇ ಇದರ ಮೋಸ" ಅಂದರು ಅಣ್ಣ. ಜಾಲ ಸಣ್ಣದಿದ್ದರೆ ಒಂದೇ ಟರ್ಮಿನೇಟರಿನಲ್ಲೂ ಓಡಿಬಿಡ್ತದೆ. ಹಾಳಾದ ಸಂದೇಶವನ್ನು ಯಂತ್ರಗಳು ಪುನಃ ಪುನಃ ಕಳಿಸ್ತಾ ಇರ್ತವೆ, ನಮಗೆ ಗೊತ್ತೇ ಆಗೋದಿಲ್ಲ. ನಾನು ಹಾಕಿದ ಕೇಬಲ್ 9 ಮೀಟರ್, ಅದರ ಕೊನೆ ಬೋಳು. ಅದರ ಮೇಲೆ ಹೊರಗಿನ ಕನೆಕ್ಟರಿಗೆ ಉಪ್ಪುನೀರು ಹೊಕ್ಕು ಪಿನ್ನು ಹಸಿರು ಹಿಡಿದಿತ್ತು. ಎರಡರಲ್ಲಿ ಒಂದೇ ಇದ್ದಿದ್ದರೆ ಬಹುಶಃ ಸುಧಾರಿಸಿಕೊಂಡು ಹೋಗ್ತಿತ್ತು. ಎರಡೂ ಸೇರಿ ಮಾತು ಪೂರ್ತಿ ನಿಂತುಹೋಯಿತು.

ಸೂಚನೆ ಮೊದಲೇ ಬಂದಿತ್ತು. ಒಂದು ವಾರದಿಂದ ಪ್ಲಾಟರಿನಲ್ಲಿ ಆಳದ ಅಂಕಿ ಇರಬೇಕಾದ ಜಾಗದಲ್ಲಿ ಆಗಾಗ ಮೂರು ಗೀಟು ಬಂದು ಹೋಗ್ತಿತ್ತಂತೆ. ಫಿಶ್ ಫೈಂಡರಿಗೆ ಅದರದ್ದೇ ಸ್ಕ್ರೀನ್ ಇದ್ದುದರಿಂದ ಮಾವ ತಲೆಕೆಡಿಸಿಕೊಳ್ಳಲಿಲ್ಲ. ತಮ್ಮ ಬೋಟಿನ ಜಾಗ ಸರಿಯಾಗಿ ಕಾಣ್ತಿತ್ತು, ಯಾಕಂದ್ರೆ ಪ್ಲಾಟರಿನ ಜಿಪಿಎಸ್ ಅದರ ಒಳಗೇ ಉಂಟು. ಜಾಲದ ಮೂಲಕ ಬರಬೇಕಾದದ್ದು ಮಾತ್ರ ಬರ್ತಿರಲಿಲ್ಲ: ಆಳ, ಮತ್ತು ಆ ತ್ರಿಕೋನಗಳು.

ಕರೆಂಟ್, ಉಪ್ಪು ಮತ್ತು ಉಳಿದ ಶತ್ರುಗಳು

ಅಣ್ಣ ಹೊಸ ಟಿ ಕನೆಕ್ಟರ್ ಹಾಕಿದರು, ತುದಿಗೆ ಟರ್ಮಿನೇಟರ್ ಹಾಕಿದರು. ಬೆನ್ನೆಲುಬನ್ನೇ ಸ್ವಲ್ಪ ಹೊರಗೆ ಉದ್ದ ಮಾಡಿ, ಡಿಸ್‌ಪ್ಲೇಯ ಡ್ರಾಪನ್ನು 2 ಮೀಟರಿಗೆ ಇಳಿಸಿದರು. ಮೀಟರ್ 60 ತೋರಿಸಿತು. ಕೆಲಸ ಮಾಡ್ತಾ ಮಾಡ್ತಾ ಹೇಳಿದ್ದನ್ನೆಲ್ಲ ನಾನು ಫೋನಿನಲ್ಲಿ ಬರೆದುಕೊಂಡೆ. ಮುಖ್ಯವಾದದ್ದನ್ನು ಹೇಳ್ತೇನೆ.

ಮೊದಲನೆಯದು ಕರೆಂಟ್. ಈ ಜಾಲ 12 ವೋಲ್ಟಿನದ್ದು, 9ರಿಂದ 16ರ ಒಳಗೆ ಇರಬೇಕು. ದೊಡ್ಡ ಡೀಸೆಲ್ ಇಂಜಿನ್ನಿನ ಎಷ್ಟೋ ಬೋಟುಗಳಲ್ಲಿ ಬ್ಯಾಟರಿ 24 ವೋಲ್ಟ್. ನೇರ ಕೊಟ್ಟರೆ ಉಪಕರಣ ಸುಟ್ಟುಹೋಗಬಹುದು. ನಡುವೆ ಕನ್ವರ್ಟರ್ ಬೇಕೇ ಬೇಕು. ಕರೆಂಟನ್ನು ಜಾಲಕ್ಕೆ ಕೊಡೋದು ಒಂದೇ ಜಾಗದಲ್ಲಿ, ಆದಷ್ಟು ನಡುವಿನಲ್ಲಿ, ಫ್ಯೂಸ್ ಹಾಕಿ. ತುದಿಯಿಂದ ಕೊಟ್ಟರೆ ಇನ್ನೊಂದು ತುದಿ ತಲುಪುವಾಗ ವೋಲ್ಟೇಜ್ ಸೊರಗಿರ್ತದೆ. ಪ್ರತಿ ಉಪಕರಣದ ಮೇಲೆ ಎಲ್‌ಇಎನ್ ಅಂತ ಒಂದು ಅಂಕಿ ಇರ್ತದೆ. ಒಂದು ಎಲ್‌ಇಎನ್ ಅಂದ್ರೆ 50 ಮಿಲಿಆಂಪ್. ಎಲ್ಲಾ ಕೂಡಿಸಿದರೆ ಜಾಲ ಎಷ್ಟು ಎಳೀತದೆ ಅಂತ ಗೊತ್ತಾಗ್ತದೆ. ಇಂಜಿನ್ ಸ್ಟಾರ್ಟ್ ಮಾಡುವಾಗಲೆಲ್ಲ ಸ್ಕ್ರೀನ್ ಆಫ್ ಆಗಿ ಆನ್ ಆಗ್ತದಾ? ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ಕುಸಿಯುತ್ತಾ ಉಂಟು ಅಂತ ಅರ್ಥ.

ಎರಡನೆಯದು ಶೀಲ್ಡ್. ಅದನ್ನು ನೆಗೆಟಿವ್‌ಗೆ ಸೇರಿಸೋದು ಒಂದೇ ಕಡೆ, ಕರೆಂಟ್ ಕೊಡೋ ಜಾಗದಲ್ಲಿ. ಎರಡು ಕಡೆ ಸೇರಿಸಿದರೆ ಗದ್ದಲ ತಡೆಯೋ ಬೇಲಿಯೇ ಗದ್ದಲ ಒಳಗೆ ತರ್ತದೆ.

ಮೂರನೆಯದು ಉಪ್ಪು. ಸಾದಾ ತಾಮ್ರದ ವೈರ್ ಕಡಲಲ್ಲಿ ಕಪ್ಪಾಗಿ ಪುಡಿಯಾಗ್ತದೆ. ತವರ ಲೇಪಿಸಿದ ತಾಮ್ರ ಬೇಕು. ಕೇಬಲ್ ಕನೆಕ್ಟರಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೆ ಹೋಗೋ ಹಾಗೆ ಬಿಡಬೇಕು. ವೈರಿನ ಮೇಲೆ ಜಾರಿ ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗ್ತದೆ, ಕನೆಕ್ಟರಿನ ಒಳಗೆ ಹೋಗೋದಿಲ್ಲ. ನಮ್ಮ ಹಂಚಿನ ಮನೆಯ ಸೂರು ಗೋಡೆಯಿಂದ ಮುಂದೆ ಚಾಚಿರೋದೂ ಇದೇ ಬುದ್ಧಿಗೆ. ಬಳಸದ ಟಿ ಕನೆಕ್ಟರಿನ ಬಾಯಿಗೆ ಮಾತ್ರ ಮುಚ್ಚಳ ಹಾಕಿ. ನಿಜವಾದ ಮುಚ್ಚಳ!

ನಾಲ್ಕನೆಯದು ಬೇರೆ ಬೇರೆ ಕಂಪನಿ. ರೇಮರಿನ್‌ನ ಸೀಟಾಕ್ ಎನ್‌ಜಿ, ಸಿಮ್ರಾಡ್‌ನ ಹಳೆಯ ಸಿಮ್‌ನೆಟ್ ಇವುಗಳ ಪ್ಲಗ್ ಬೇರೆ, ಒಳಗಿನ ಭಾಷೆ ಮಾತ್ರ ಇದೇ. ಅಡಾಪ್ಟರ್ ಕೇಬಲ್ ಸಿಗ್ತದೆ. ವೈರ್ ಕತ್ತರಿಸಿ ಟೇಪ್ ಸುತ್ತೋ ಸಾಹಸ ಬೇಡ.

ಕೊನೆಯದು ಈ ಕೇಬಲ್ಲಿನ ಮಿತಿ. ಆಳದ ಅಂಕಿ, ದಿಕ್ಕು, ಎಐಎಸ್ ಎಲ್ಲಾ ಇದರಲ್ಲಿ ಹೋಗ್ತದೆ. ಆದರೆ ಫಿಶ್ ಫೈಂಡರಿನ ಬಣ್ಣದ ಚಿತ್ರ, ರಾಡಾರಿನ ಚಿತ್ರ ಹೋಗೋದಿಲ್ಲ, ಅವು ಬಹಳ ಭಾರ. ಅದಕ್ಕೆ ಈಥರ್ನೆಟ್ ಕೇಬಲ್ ಬೇರೆಯೇ ಇರ್ತದೆ. ಈಥರ್ನೆಟ್ ಮೇಲೆಯೇ ಓಡೋ ಹೊಸ ನಿಯಮ ಒನ್‌ನೆಟ್ ಕೂಡ 2020ರಲ್ಲಿ ಬಂದಿದೆ. ಆದರೆ ಅದು ಬಂತು ಅಂತ ಈ ಐದು ವೈರಿನ ಕೇಬಲ್ ಮೂಲೆಗೆ ಸೇರಿಲ್ಲ.

ಆಗಸ್ಟ್ 1ರ ಮೊದಲು

ನಿಮ್ಮ ಮನೆಯಲ್ಲೂ ಅಪ್ಪನೋ, ಮಾವನೋ, ಅಣ್ಣನೋ ಬೋಟಿಗೆ ಹೋಗುವವರಿದ್ದರೆ ಒಂದು ಮಾತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ ಹೊಲಿಯೋದು, ಬಣ್ಣ ಬಳಿಯೋದು, ಇಂಜಿನ್ ಬಿಚ್ಚೋದು ಎಲ್ಲಾ ಆಗ್ತದೆ. ಆಗ ಒಂದು ಅರ್ಧ ಗಂಟೆ ಈ ಕೇಬಲ್ಲಿಗೂ ಕೊಡಿ. ಮೂರೇ ಕೆಲಸ. ಎರಡು ತುದಿಯ ಟರ್ಮಿನೇಟರ್ ಎಲ್ಲಿದೆ ಅಂತ ಕಣ್ಣಾರೆ ನೋಡಿ, ಅದರ ಮೇಲೆ ಕೆಂಪು ಟೇಪ್ ಸುತ್ತಿ, ನನ್ನಂಥವರು ಮುಟ್ಟದ ಹಾಗೆ. ಕರೆಂಟ್ ಆಫ್ ಮಾಡಿ 60 ಓಮ್ ಬರ್ತದಾ ಅಂತ ಅಳೆಯಿರಿ. ಮತ್ತೆ ಎಲ್ಲಿಂದ ಎಲ್ಲಿಗೆ ಯಾವ ಕೇಬಲ್ ಅಂತ ಒಂದು ಚಿತ್ರ ಬರೆದು ಕ್ಯಾಬಿನ್ನಿನ ಗೋಡೆಗೆ ಅಂಟಿಸಿ.

ಕಡಲಲ್ಲಿರುವಾಗ, ಸ್ಕ್ರೀನಿನಲ್ಲಿ ಮೂರು ಗೀಟು ಬಂದರೆ ಅದು ಯಂತ್ರದ ಚೇಷ್ಟೆ ಅಂತ ಬಿಡಬೇಡಿ. ಎಐಎಸ್‌ನಲ್ಲಿ ಯಾರೂ ಕಾಣದಿದ್ದರೆ ಒಂದು ಸಲ ಹೊರಗೆ ಕಣ್ಣು ಹಾಯಿಸಿ. ಎಲ್ಲಾ ಸರಿಯಿದ್ದರೂ ಹಾಯಿಸಿ. ಎಐಎಸ್ ಇಲ್ಲದ ನಾಡದೋಣಿಗಳು ಯಾವ ಸ್ಕ್ರೀನಿನಲ್ಲೂ ತ್ರಿಕೋನವಾಗಿ ಕಾಣೋದಿಲ್ಲ.

ಆ ದಿನ ಕೆಲಸ ಮುಗಿಸಿ ಅಣ್ಣ ಹೋದ ಮೇಲೆ ಮಾವ ಮತ್ತು ನಾನು ದಕ್ಕೆಯ ಮೇಲೆ ಕೂತಿದ್ದೆವು. ಮಾವ ಬೈತಾರೆ ಅಂತ ಕಾದೆ. ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ದಿನ ಬೋಟಿನಲ್ಲಿ ನಾವು ಎಂಟು ಜನ ಇದ್ದೆವು" ಅಂದರು. ಮತ್ತೆ ಎದ್ದು, "ಬಾ, ಊಟ ಮಾಡುವ" ಅಂದರು.

ಆ ಹೆಬ್ಬೆರಳಿನಷ್ಟು ಮುಚ್ಚಳ ದೀಪಾವಳಿಯಿಂದ ನನ್ನ ಬೆಂಗಳೂರಿನ ರೂಮಿನಲ್ಲಿ, ಹಳೆ ಚಾರ್ಜರುಗಳ ಡಬ್ಬಿಯಲ್ಲಿತ್ತು. ಈಗ ಬೋಟಿನಲ್ಲಿ, ಅಣ್ಣ ಗೋಡೆಗೆ ಅಂಟಿಸಿದ ಚಿತ್ರದ ಪಕ್ಕದಲ್ಲಿ, ಸ್ಪೇರ್ ಆಗಿ ನೇತಾಡ್ತಾ ಉಂಟು.

ಇವತ್ತಿಗೆ ಇಷ್ಟು. ಈ ಸಂಚಿಕೆಯನ್ನು ಬೋಟಿಗೆ ಹೋಗೋ ಒಬ್ಬರಿಗಾದ್ರೂ ಕಳಿಸಿ. ರೇಂಜ್ ಇರೋ ತನಕ ಕೇಳಿಕೊಂಡು ಹೋಗಲಿ.